ಲಾರ್ಡ್ ಸಾಹೇಬರ ಕೊನೆಯ ಊಟ

ಊಟ ಬಲ್ಲವನಿಗೆ ಜಗಳವಿಲ್ಲ, ಮಾತು ಬಲ್ಲವನಿಗೆ ಊಟವಿಲ್ಲ. ಗಾದೆ ತಿರುಚಿದೆನೆಂದು ಮುನಿಯಬೇಡಿ; ವಿಂಟರ್‌ಹೋಲ್ಟ್ ಬಂಗಲೆಯಲ್ಲಿ ನಡೆದದ್ದೇ ಹಾಗೆ, ಒಂದಕ್ಷರ ಸುಳ್ಳಿಲ್ಲ. ಆ ಮುದುಕ ಸೇವಕನ ಹೆಸರು ಎಬೆನೆಜರ್ ಟಕ್‌ವೆಲ್. ನೆನಪಿಟ್ಟುಕೊಳ್ಳಿ, ಈ ಕತೆಯಲ್ಲಿ ಬೇರೆ ಯಾರೂ ಇಟ್ಟುಕೊಂಡಿಲ್ಲ.

ಏಕೆಂದರೆ ಬಂಗಲೆಯ ನೆಲಮಾಳಿಗೆಯಲ್ಲಿ, ಆಳುಗಳ ಊಟದ ಮನೆಯಲ್ಲಿ, ಅತಿಥಿಗಳ ಜೊತೆ ಬಂದ ಸೇವಕರನ್ನು ಅವರವರ ಧಣಿಯ ಹೆಸರಿನಿಂದಲೇ ಕರೆಯುವುದು, ಧಣಿಯ ಅಂತಸ್ತಿನಂತೆಯೇ ಕೂರಿಸುವುದು. ಪ್ರತಿ ಚಳಿಗಾಲದ ಬೇಟೆಗೂ ಧಣಿಯ ಜೊತೆ ಬರುತ್ತಿದ್ದ ಟಕ್‌ವೆಲ್, ಕೂದಲು ಕಪ್ಪಗಿದ್ದ ಕಾಲದಿಂದಲೂ ಅಲ್ಲಿ 'ಸರ್ ಸೆಪ್ಟಿಮಸ್'. ಜಾಗ ಮೇಜಿನ ಕೊನೆ, ಬಾಗಿಲ ಚಳಿಗಾಳಿಯ ಪಕ್ಕ.

ಈ ಸಲದ ಬೇಟೆಯ ಒಂದು ಬೆಳಿಗ್ಗೆ ಟಕ್‌ವೆಲ್‌ನ ಕೈಯಲ್ಲಿ ಕ್ಷೌರದ ಕತ್ತಿ ನಡುಗಿ, ನಿಜವಾದ ಸರ್ ಸೆಪ್ಟಿಮಸ್‌ರ ಗಲ್ಲದಲ್ಲಿ ಒಂದು ಹನಿ ರಕ್ತ ಮೂಡಿತು. ಸಂಜೆ ಅವರು ಕನ್ನಡಿ ನೋಡಿಕೊಳ್ಳುತ್ತಲೇ ಹೇಳಿದರು: "ವಯಸ್ಸಾಯ್ತು ನಿಂಗೆ. ನಾಳೆ ರೈಲಿಗೆ ಹೊರಡು. ಬೇರೆಯವನು ಬರ್ತಾನೆ."

ಟಕ್‌ವೆಲ್ ಯಾರಿಗೂ ಹೇಳಲಿಲ್ಲ. ಧಣಿಯಿಲ್ಲದವನಿಗೆ ಆ ಮೇಜಿನಲ್ಲಿ ಕುರ್ಚಿಯಿಲ್ಲ. ಕೊನೆಯದೊಂದು ಊಟ, ಅದೇ ಹೆಸರಿನಲ್ಲಿ, ಅದೇ ಚಳಿಯಲ್ಲಿ ಉಂಡು ಹೋಗೋಣವೆಂದು, ಕರೆಯದೆ ಬಂದ ಮದುವೆಯ ನೆಂಟನಂತೆ ಮೆಲ್ಲಗೆ ಕೂತ.

ಜಾಸ್ಪರ್ ಎಂಬ ಆಳೊಬ್ಬನಿದ್ದ; ಯಾರ ದನಿಯನ್ನಾದರೂ ಕದಿಯುವವನು. ಬಾಗಿಲ ಮರೆಯಿಂದ ಬಟ್ಲರ್ ಗಾರ್ಲಂಡರ ಮೂಗಿನ ದನಿ ಹೊರಟಿತು: "ಎಲ್ರೂ ಕೇಳಿ. ಲಂಡನ್ನಿಂದ ಸುದ್ದಿ ಬಂದಿದೆ. ಸರ್ ಸೆಪ್ಟಿಮಸ್ ಇವತ್ತಿಂದ ಲಾರ್ಡ್. ತಕ್ಕ ಹಾಗೆ ಕೂರಿಸಿ."

ಮೊದಲೇ ಮಾತಾಡಿಕೊಂಡಿದ್ದವರೆಲ್ಲ ಎದ್ದು ನಿಂತರು. ಮನೆವಾರ್ತೆಯ ಮಿಸೆಸ್ ಆಡಲ್‌ಸ್ಟನ್ ತನ್ನ ಬಲಗಡೆಯ ಕುರ್ಚಿ ಎಳೆದಳು. "ಬನ್ನಿ ಲಾರ್ಡ್ ಸಾಹೇಬ್ರೇ, ಒಲೆ ಹತ್ರ."

"ನಂಗೆ ಇಲ್ಲೇ ಹಿತವಾಗಿದೆ, ಅಮ್ಮಾವ್ರೇ."

"ಲಾರ್ಡು ಚಳೀಲಿ ಕೂತ್ರೆ ನಮ್ಮ ಮನೆ ಮಾನ ಏನಾಗ್ಬೇಕು?"

ಕೂರಿಸಿಯೇಬಿಟ್ಟರು. ಬಾತುಕೋಳಿಯ ತೊಡೆ ಮೊದಲು ಅವನ ತಟ್ಟೆಗೇ ಬಿತ್ತು. ಇಷ್ಟು ವರ್ಷ ಅವನಿಗೆ ಸಿಕ್ಕಿದ್ದು ಕತ್ತು. ಕುರ್ಚಿ ಬಿಟ್ಟುಕೊಟ್ಟ ಸೇವಕ ಸೊಂಟ ಬಗ್ಗಿಸಿ ಉಪ್ಪು ನೀಡಿದ. "ಹಾಕ್ಕೊಳ್ಳಿ ಸಾಹೇಬ್ರೇ. ಇನ್ಮೇಲೆ ನಾವೆಲ್ಲ ನಿಮ್ಮ ಕೆಳಗೇನೇ."

ಟಕ್‌ವೆಲ್ ಫೋರ್ಕನ್ನು ಕೆಳಗಿಟ್ಟ. ಬಾಗಿಲ ಪಕ್ಕದ ಕುರ್ಚಿಯಲ್ಲಾದರೆ ಸುಳ್ಳನ್ನು ಹೇಗೋ ನುಂಗಬಹುದಿತ್ತು. ಇಷ್ಟು ದೊಡ್ಡ ಕುರ್ಚಿಯಲ್ಲಿ ಅದು ಗಂಟಲಲ್ಲೇ ಕೂತಿತು. ಎದ್ದು ನಿಂತ.

"ಕ್ಷಮಿಸ್ಬೇಕು. ನಾನು ಲಾರ್ಡೂ ಅಲ್ಲ, ಸರ್ರೂ ಅಲ್ಲ. ಸಂಜೇನೇ ಧಣಿ ನನ್ನ ಕೆಲಸದಿಂದ ಬಿಡಿಸ್ಬಿಟ್ರು. ಈ ಊಟ ನಂದಲ್ಲ."

ಜಾಸ್ಪರ್ ಮರೆಯಿಂದ ಈಚೆ ಬಂದ. ಈಗ ಬಾಯಲ್ಲಿದ್ದದ್ದು ಅವನದೇ ದನಿ, ಅದೂ ಸಣ್ಣಗೆ.

"ಯಾರೂ ಲಾರ್ಡ್ ಆಗಿಲ್ಲ. ನಾನೇ, ತಮಾಷೆಗೆ... ನೀವು ಸುಮ್ನಿದ್ದಿದ್ರೆ ನಿಮ್ಮನ್ನ ಬಿಡಿಸಿದ್ದು ನಮಗ್ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ."

"ಅಂದ್ರೆ, ನನ್ನ ಕೆಳಗಿನ ಕುರ್ಚೀನ ನಾನೇ ಎಳ್ದುಹಾಕ್ದೆ ಅನ್ನಿ."

ಮಿಸೆಸ್ ಆಡಲ್‌ಸ್ಟನ್ ಕಣ್ಣೊರೆಸಿಕೊಂಡಳು. "ಕೂತ್ಕೊಂಡು ಊಟ ಮುಗಿಸಿ, ಮಿಸ್ಟರ್..." ಮುಂದಿನ ಹೆಸರಿಗಾಗಿ ತಡಕಾಡಿದಳು. ಜಾಸ್ಪರನ ಮುಖ ನೋಡಿದಳು. ಜಾಸ್ಪರ್ ಅಡಿಗೆಯವಳನ್ನು ನೋಡಿದ. ಅಡಿಗೆಯವಳು ಬಾತುಕೋಳಿಯನ್ನು ನೋಡಿದಳು.

ಮೊದಲು ನಕ್ಕವನು ಟಕ್‌ವೆಲ್. ಕುರ್ಚಿಯ ಬೆನ್ನು ಹಿಡಿದು, ತಟ್ಟೆಗಳು ಅದುರುವಂತೆ, ಕಣ್ಣಲ್ಲಿ ನೀರು ಸುರಿಯುವಂತೆ ನಕ್ಕ. ಉಳಿದವರೂ ನಕ್ಕರು, ಆದರೆ ಅಷ್ಟು ಜೋರಾಗಿ ನಗುವುದು ಅವರಿಂದಾಗಲಿಲ್ಲ.