ಬಸ್ಸಿಗಾಗಿ ಬಸ್ಸು ತಡೆದದ್ದು

ಹೋರಾಟದಲ್ಲಿ ನನ್ನ ಕೈ ಪಳಗಿದೆ ಎಂಬ ಗಾಢ ನಂಬಿಕೆ ಆಗ ನನಗಿತ್ತು. ತೊಂಬತ್ತರ ದಶಕದ ಕೊನೆಯ ಮಾತು. ಉಜ್ಜಿನಿ ಕಡೆಯ ನಮ್ಮ ಹಳ್ಳಿಯಿಂದ ಕೊಟ್ಟೂರಿಗೆ ಬೆಳಿಗ್ಗೆ ಇದ್ದದ್ದು ಒಂದೇ ಬಸ್ಸು. ಕಾಲೇಜಿಗೆ ಹೋಗುವ ಹುಡುಗಿಯರು ಅದರ ಬಾಗಿಲಲ್ಲಿ ಜೋತಾಡುವುದನ್ನು ನೋಡಲಾರದೆ, ಇನ್ನೊಂದು ಬಸ್ಸಿಗಾಗಿ ರಸ್ತೆ ತಡೆ ಘೋಷಿಸಿದೆ.

ಹೊರಡುವಾಗ ಹೆಂಡತಿ ಗೌರಮ್ಮ, "ಇವತ್ತು ಹುಡುಗೇರಿಗೆ ಪರೀಕ್ಷಿ ಐತಂತ. ನಾಳಿಗೆ ಮಾಡಿದ್ರ ಆಗಲ್ಲೇನ್ರಿ?" ಎಂದಳು. ಕ್ರಾಂತಿ ಯಾರ ಅನುಕೂಲವನ್ನೂ ಕೇಳಿ ಬರುವುದಿಲ್ಲವೆಂದು ಅವಳಿಗೆ ತಿಳಿಹೇಳಿ, ಶಾಲು ಹೊದ್ದು ನಡೆದೆ.

ಊರಾಚೆ ರಸ್ತೆಗೆ ನಾಲ್ಕು ಬಂಡಿ ಅಡ್ಡ ನಿಲ್ಲಿಸಿದೆವು. ಎತ್ತು ಬಿಚ್ಚಿಸಿ ಮನೆಗೆ ಕಳಿಸಿದವನು ನಾನೇ. ಯಾರು ಹೇಳಿದರೂ ಬಂಡಿ ತೆಗೆಯಬಾರದೆಂದು ಕಾರ್ಯಕರ್ತರೆಲ್ಲರಿಂದ ಆಣೆ ಮಾಡಿಸಿದವನೂ ನಾನೇ. ಬಸ್ಸು ಬಂದು ನಿಂತಿತು. ಹೆಣ್ಣುಮಕ್ಕಳ ಓದಿಗೆ ಅಡ್ಡ ಬರುವವರಿಗೆ ಧಿಕ್ಕಾರ ಕೂಗಿದೆ. ಬಸ್ಸಿನೊಳಗಿಂದ ಒಬ್ಬರೂ ದನಿಗೂಡಿಸಲಿಲ್ಲ.

ಬದಲಿಗೆ ನಮ್ಮ ಓಣಿಯ ಕಮ್ಮಾರ ಈರಣ್ಣನ ಮಗಳು ನಿರ್ಮಲಾ ಇಳಿದು ಬಂದಳು. ಕೈಯಲ್ಲಿ ಪರೀಕ್ಷೆಯ ಪ್ಯಾಡು. ಕಣ್ಣುಗಳು ತುಂಬಿದ್ದವು.

"ಮಾವಾರ, ನಮಗ ಇನ್ನೊಂದು ಬಸ್ ಬ್ಯಾಡ್ರಿ. ಇದೊಂದನ್ನ ಬಿಟ್ರ ಸಾಕು."

ಬಂಡಿ ತೆಗೆಯಿರೆಂದು ಕೂಗಿದೆ. ನಾನು ಅವರ ಆಣೆಯನ್ನು ಪರೀಕ್ಷಿಸುತ್ತಿದ್ದೇನೆಂದು ತಿಳಿದ ಕಾರ್ಯಕರ್ತರು ಬಂಡಿಗಳ ಮುಂದೆ ಇನ್ನೂ ಗಟ್ಟಿಯಾಗಿ ಕುಳಿತರು. ಎಂಥ ಶಿಸ್ತು! ಕೊನೆಗೆ ನೊಗಕ್ಕೆ ನಾನೇ ಹೆಗಲು ಕೊಟ್ಟೆ. ಬಂಡಿ ಚರಂಡಿಗೆ ಜಾರಿತು. ನಾನೂ ಜಾರಿದೆ. ನನ್ನನ್ನು ಎತ್ತಲು ಕಾರ್ಯಕರ್ತರು ಎದ್ದು ಓಡಿ ಬಂದಾಗ, ಉಳಿದ ಮೂರನ್ನು ಡ್ರೈವರು, ಪ್ರಯಾಣಿಕರು ಸೇರಿ ಬದಿಗೆ ನೂಕಿದರು.

ಮೈತುಂಬ ಕೆಸರು ಮೆತ್ತಿಕೊಂಡು ಅದೇ ಬಸ್ಸಿನಲ್ಲಿ ಹೋದೆ. ಇಪ್ಪತ್ತು ನಿಮಿಷ ತಡವಾಗಿತ್ತು. ಕಾಲೇಜಿನ ಗೇಟಿನಲ್ಲಿ ಪ್ರಿನ್ಸಿಪಾಲರಿಗೆ ಕೈಮುಗಿದು, ಹುಡುಗಿಯರ ತಪ್ಪಿಲ್ಲ, ರಸ್ತೆ ತಡೆ ಇತ್ತು ಎಂದೆ. ಅವರು ಹುಡುಗಿಯರನ್ನು ಒಳಗೆ ಬಿಡುತ್ತಾ ಕೇಳಿದರು:

"ಪರೀಕ್ಷಿ ದಿನಾನ ರಸ್ತಾ ತಡದಾರಲ್ರಿ, ಯಾವನ್ರಿ ಅವನು ಮುಖಂಡ?"

"ಗೊತ್ತಿಲ್ರಿ," ಎಂದೆ.

ನಿರ್ಮಲಾ ಒಮ್ಮೆ ತಿರುಗಿ ನೋಡಿ ಒಳಗೆ ಹೋದಳು. ಪುಣ್ಯಕ್ಕೆ ಪಾಸಾದಳು.

ಕೆಲವು ತಿಂಗಳಲ್ಲಿ ಎರಡನೆಯ ಬಸ್ಸೂ ಬಂತು. ಊರವರು ನನಗೆ ಹಾರ ಹಾಕಿ ಮೈಕು ಕೊಟ್ಟರು. ನಿರ್ಮಲಾ ಎದುರಿಗೇ ನಿಂತಿದ್ದಳು. ಎಲ್ಲರ ಮುಂದೆ ಅವಳ ಕ್ಷಮೆ ಕೇಳಬೇಕೆಂದು ಗಂಟಲು ಸರಿಮಾಡಿಕೊಂಡೆ.

ಬಾಯಿಂದ ಬಂದದ್ದು, "ಹೋರಾಟಕ್ಕೆ ಜಯವಾಗಲಿ!"