ಮೊದಲು ಕಂಡವರು

ಕಲಿಯುಗದ ಪ್ರಥಮಪಾದದಲ್ಲಿ, ವೈಶಾಖಮಾಸದ ಒಂದು ಭಾನುವಾರ, ಲಕ್ಷ್ಮಣತೀರ್ಥ ನದಿಯ ದಡದ ಹುಣಸೂರೆಂಬ ಮಹಾಪುರಿಯಲ್ಲಿ, ದುರ್ಬೀನುಭೂಷಿತಕಂಠರೂ ಸಕಲಖಗಕುಲವಿಲೋಕನಲೋಲರೂ ಆದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಗವಿರಂಗಯ್ಯನವರು ಸೈಕಲ್ಲೇರಿ ಸಮರಸನ್ನದ್ಧರಾದ ವೃತ್ತಾಂತವನ್ನು ಕೇಳಿ, ಓ ಸಹೃದಯರೇ! ತಾಯಿ ಶಾರದೆ, ನೀನೂ ಬಾ. ಹಂಸವನ್ನು ಮಾತ್ರ ದೂರ ಕಟ್ಟಿ ಬಾ. ಕಂಡರೆ ಇವರು ಅದನ್ನೂ ಪಟ್ಟಿಗೆ ಸೇರಿಸಿಬಿಡುತ್ತಾರೆ.

ಈ ಸಮರಕ್ಕೆ ಕಾರಣ ಹೆಣ್ಣಲ್ಲ, ಹೊನ್ನಲ್ಲ, ಮಣ್ಣು. ಅದೂ ಹಕ್ಕಿಯ ಕೊಕ್ಕಿನಲ್ಲಿದ್ದ ಒಂದು ಚಿಟಿಕೆ ಮಣ್ಣು.

ಊರಿನ ಪಕ್ಷಿವೀಕ್ಷಕರ ಬಳಗದ ರಿಜಿಸ್ಟರಿನಲ್ಲಿ ಹಕ್ಕಿಯ ಹೆಸರು, ಗೂಡಿನ ಸ್ಥಳ, ಕೊನೆಯಲ್ಲಿ ‘ಮೊದಲು ಕಂಡವರು’ ಎಂಬ ಕಾಲಂ ಇದ್ದವು. ಹನ್ನೊಂದು ವರ್ಷದಲ್ಲಿ ಆ ಕಾಲಮ್ಮಿನಲ್ಲಿ ಮೇಷ್ಟ್ರ ಹೆಸರು ಒಮ್ಮೆಯೂ ಬಿದ್ದಿರಲಿಲ್ಲ. ಯಾವ ಪುಟ ತಿರುವಿದರೂ ನಿವೃತ್ತ ಕಂಡಕ್ಟರ್ ಚಿಕ್ಕಲಿಂಗೇಗೌಡರೇ. ಮೇಷ್ಟ್ರಿಗೆ ಹೊಟ್ಟೆ ಉರಿಯುತ್ತಿತ್ತು. ಅಂಬರಗುಬ್ಬಿಯ ಸಾಲೊಂದು ಇನ್ನೂ ಖಾಲಿ ಉಳಿದಿತ್ತು. ಗಾಳಿಯಲ್ಲೇ ಹುಳ ಹಿಡಿದು ತಿನ್ನುವ ಆ ಕವಲುಬಾಲದ ಹಕ್ಕಿಯನ್ನು ಎಲ್ಲರೂ ನೋಡಿದ್ದರು. ಅದರ ಮಣ್ಣಿನ ಗೂಡನ್ನು ಬಳಗದ ಯಾರೂ ನೋಡಿರಲಿಲ್ಲ.

ಸೇತುವೆಯ ಕೆಳಗಿನ ಕೆಸರಿನಲ್ಲಿ ಹಕ್ಕಿ ಬಂದು ಕೂತಿತು. ಸೇತುವೆಯ ಮೇಲೆ ಎರಡು ದುರ್ಬೀನುಗಳು ಮೇಲೆದ್ದವು, ಮೇಷ್ಟ್ರದೊಂದು, ಗೌಡರದೊಂದು.

“ಎಲವೋ ಟಿಕೆಟುಹರಿಯುವಶೂರನೇ!” ಎಂದು ಮೇಷ್ಟ್ರು ಗರ್ಜಿಸಿದರು. “ಈ ಪಂಕಚಂಚುವಿಹಂಗದ ನಿಲಯವನ್ನು ಕಾಣುವ ತನಕ ಈ ಗವಿರಂಗ ಉಪ್ಪಿಟ್ಟನ್ನು ಮುಟ್ಟುವವನಲ್ಲ!”

“ಹೋದ್ವರ್ಷ ಕಾಗೆ ನೋಡಿ ಕೋಗಿಲೆ ಅಂತ ಬರಸಕ್ಕೆ ಹೋಗಿದ್ರಲ್ಲ ಮೇಷ್ಟ್ರೇ, ಮೊದ್ಲು ಕನ್ನಡಕ ಒರಸ್ಕೊಳಿ” ಎಂದ ಗೌಡರು, ಮೂವತ್ತು ವರ್ಷ ಬಸ್ಸುಗಳನ್ನು ನಡುಗಿಸಿದ್ದ ಸೀಟಿಯನ್ನು ಶಂಖದಂತೆ ಊದಿ, “ರೈಟ್!” ಎಂದು ಮೊಪೆಡ್ ಏರಿದರು.

ಹಕ್ಕಿ ಹಾರಿತು, ಒಂದು ಬೀದಿ ದಾಟುವಷ್ಟರಲ್ಲಿ ಮಾಯವಾಯಿತು. ವೀರರು ಅಲ್ಲೇ ಕಾದರು. ಅದು ಮತ್ತೆ ಮಣ್ಣಿಗೆ ಹೋಗಿ ಬಂದಾಗ ಇನ್ನೊಂದು ಬೀದಿ ಗೆದ್ದರು. ಹೀಗೆ ಬೀದಿಬೀದಿ ಜಯಿಸುತ್ತಾ, ಬಿಸಿಲೇರುವ ಹೊತ್ತಿಗೆ, ಯಾವುದೋ ಸಾಲುಮನೆಗಳ ಹಿಂದಿನ ಚರಂಡಿಸಂದಿಗೆ ಮೇಷ್ಟ್ರು ನುಗ್ಗಿದರು. ಮೊಪೆಡ್ಡು ಸಂದಿಯ ಬಾಯಲ್ಲೇ ಸಿಕ್ಕಿಕೊಂಡಿತು. ಮೇಷ್ಟ್ರು ಕಾಂಪೌಂಡಿನ ಮೇಲಿಂದ ದುರ್ಬೀನು ಇಟ್ಟರು. ಬಚ್ಚಲಮನೆಯ ಸೂರಿನಡಿ, ಹೂಜಿಯನ್ನು ಅಡ್ಡ ಮಲಗಿಸಿ ಮೆತ್ತಿದಂತೆ, ಗೂಡು!

“ಕಂಡೆ! ಮೊದಲು ಕಂಡವನು ನಾನು! ಆಹಾ, ಯಾವ ಪುಣ್ಯವಂತನ ಮನೆಯಪ್ಪಾ ಇದು!” ಅವರ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

“ಯಾರ್ರೀ ಅದು, ಕಂಡೋರ ಮನೆ ಹಿತ್ಲಿಗೆ ದುರ್ಬೀನ್ ಹಿಡ್ಕೊಂಡು ನಿಂತಿರೋದು?” ಎಂದು ಒಳಗಿನಿಂದ ಹೆಂಗಸಿನ ದನಿಯೊಂದು ಗುಡುಗಿತು.

ಮೇಷ್ಟ್ರು ದುರ್ಬೀನು ಇಳಿಸಿದರು. ತಂತಿಯ ಮೇಲೆ ಒಣಗುತ್ತಿದ್ದದ್ದು ಅವರದೇ ಪಟ್ಟೆಪಟ್ಟೆ ಚಡ್ಡಿ. ಹಳೆಯ ಪೇಪರು ಹಿಡಿದು ಹೊರಬಂದವರು ಅವರದೇ ಹೆಂಡತಿ ನಂಜಮ್ಮಣ್ಣಿ.

“ಅಯ್ಯೋ, ನೀವಾ!” ಎಂದರು ನಂಜಮ್ಮಣ್ಣಿ, ಪೇಪರನ್ನು ಗೂಡಿನ ಕೆಳಗೆ ಹಾಸುತ್ತಾ. “ಮೂರು ವರ್ಷದಿಂದ ಇಲ್ಲೇ ಅದೆ ಇದು. ಇದರ ಹಿಕ್ಕೆಗೆ ದಿನಾ ಪೇಪರ್ ಹಾಸಿ ಸಾಕಾಗಿದೀನಿ. ಹೇಳೋಣ ಅಂದ್ರೆ ನೀವು ಮನೇಲಿದ್ರೆ ತಾನೆ? ಯಾವಾಗ್ಲೂ ಕಂಡೋರ ಮನೆ ಸೂರು ನೋಡೋದೇ ಆಯ್ತು!”

ಮೇಷ್ಟ್ರು ದಿನವೂ ಆ ಸೂರಿನಡಿಯೇ ಸ್ನಾನಕ್ಕೆ ಹೋಗುತ್ತಿದ್ದರು, ಕನ್ನಡಕ ತೆಗೆದಿಟ್ಟು.

ಅಷ್ಟರಲ್ಲಿ ಏದುಸಿರು ಬಿಡುತ್ತಾ ಬಂದ ಗೌಡರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಗಲಿಲ್ಲ. ಹಳೆಯ ಕಂಡಕ್ಟರ್ ಚೀಲದಿಂದ ರಿಜಿಸ್ಟರ್ ತೆಗೆದು, “ಬರ್ಕೊಳಿ ಮೇಷ್ಟ್ರೇ, ನಾನೇನೂ ಕೇಳಿಸ್ಕೊಂಡಿಲ್ಲ” ಎಂದರು.

ಹಕ್ಕಿ: ಅಂಬರಗುಬ್ಬಿ. ಸ್ಥಳ: ನಮ್ಮ ಬಚ್ಚಲಮನೆ ಸೂರು. ಮೂರನೆಯ ಕಾಲಮ್ಮಿನಲ್ಲಿ ಪೆನ್ನು ನಿಂತಿತು. ಹನ್ನೊಂದು ವರ್ಷ ಕಾದ ಜಾಗ. ಮೇಷ್ಟ್ರು ಒಮ್ಮೆ ಗೂಡನ್ನು, ಒಮ್ಮೆ ನೆಲದ ಮೇಲಿನ ಪೇಪರನ್ನು ನೋಡಿದರು. ಆಮೇಲೆ ‘ಮೊದಲು ಕಂಡವರು’ ಎಂಬುದರ ಕೆಳಗೆ ‘ಮನೆಯವರು’ ಎಂದು ದುಂಡಗೆ ಬರೆದು, ಆರಿಹೋದ ಉಪ್ಪಿಟ್ಟು ತಿನ್ನಲು ಕೈ ತೊಳೆದರು.