ಕಾರ್ಟೂನಿನ ಕಾಗೆ ಮತ್ತು ನಮ್ಮ ಅತ್ತೆ

ನಗು ಬಂದರೆ ನಕ್ಕು ಸುಮ್ಮನಾಗುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ಕೋಲಾರದ ಕಾಲೇಜೊಂದರಲ್ಲಿ ಬಹಳ ವರ್ಷ ಭೌತಶಾಸ್ತ್ರ ಪಾಠ ಮಾಡಿದ ನನಗಂತೂ ಇಲ್ಲವೇ ಇಲ್ಲ. ಪತ್ರಿಕೆಯಲ್ಲಿ ದಿನಾ ಬರುವ ಮೂರು ಚೌಕದ ಕಾರ್ಟೂನನ್ನೂ ನಾನು ವಿವರಿಸದೆ ಬಿಡುವವನಲ್ಲ. ಅದರಲ್ಲಿ ಒಬ್ಬ ಬೋಳುತಲೆಯವನಿದ್ದಾನೆ, ಮಾತಿಲ್ಲ. ಅವನು ಬಾಳೆಹಣ್ಣಿನ ಸಿಪ್ಪೆ ತುಳಿದು ಜಾರಿದರೆ ಘರ್ಷಣೆಯ ವಿಚಾರ ತೆಗೆಯುತ್ತೇನೆ. ಬಿದ್ದವನು ಎದ್ದರೆ ಪುನರ್ಜನ್ಮದ ವಿಚಾರ. "ರೀ, ಅವನು ಬಿದ್ದ, ಅಷ್ಟೇ ಕಣ್ರೀ" ಎನ್ನುವುದು ನನ್ನ ಹೆಂಡತಿ ಪದ್ಮಾಳ ಸಿದ್ಧಾಂತ.

ಅವಳಿಗೆ ಆ ಕಾರ್ಟೂನು ಬೇರೆ ಕೆಲಸಕ್ಕೆ ಬೇಕಿತ್ತು. ಅವಳ ಅಮ್ಮ, ಅಂದರೆ ನಮ್ಮ ಅತ್ತೆ, ಇದ್ದದ್ದು ಗೌನಿಪಲ್ಲಿಯಲ್ಲಿ. ಮನೆಮಾತು ತೆಲುಗು, ಕಣ್ಣು ಮಂಜು. ಪದ್ಮಾ ದಿನಾ ಬೆಳಿಗ್ಗೆ ಫೋನು ಮಾಡಿ ಆವತ್ತಿನ ಮೂರು ಚಿತ್ರಗಳನ್ನು ತೆಲುಗಿನಲ್ಲಿ ವರ್ಣಿಸುತ್ತಿದ್ದಳು. ಅತ್ತೆಗೆ ಆ ಬೋಳುತಲೆಯವನು ಪಕ್ಕದ ಬೀದಿಯವನೇ ಆಗಿಬಿಟ್ಟಿದ್ದ. ಒಮ್ಮೆ ಅವನು ಸೀನಿದ ಎಂದು ಕೇಳಿ, "ಪಾಪಂ, ವಾಡಿಕಿ ಮಿರಿಯಾಲ ಚಾರು ಪೆಟ್ಟಮನು" ಎಂದು ಮೆಣಸಿನ ಸಾರು ಕೊಡಲು ಹೇಳಿದ್ದರು. ಆಮೇಲೆ ಅಳಿಯಂದಿರು ಏನಂದರು ಎಂದೂ ವಿಚಾರಿಸುವರು. ಆಗ ಫೋನು ನನ್ನ ಕೈಗೆ ಬರುತ್ತಿತ್ತು. ನನ್ನ ವ್ಯಾಖ್ಯಾನವನ್ನು ಪೂರ್ತಿ ಕೇಳಿದ ಜೀವ ಅದೊಂದೇ. ಕೇಳುತ್ತಾ ನಿದ್ದೆ ಹೋಗುತ್ತಿದ್ದರು ಎಂಬುದು ಪದ್ಮಾಳ ಆರೋಪ.

ಹೋದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು. ಹನ್ನೊಂದನೆಯ ದಿನ ಇಟ್ಟ ಪಿಂಡವನ್ನು ಕಾಗೆ ಮುಟ್ಟಲಿಲ್ಲ. ಅವರಿಗೆ ಇಷ್ಟವೆಂದು ಒಬ್ಬಟ್ಟು ಇಟ್ಟೆವು, ವಡೆ ಇಟ್ಟೆವು. ನನ್ನ ಭಾಮೈದ ಕೈಮುಗಿದು, "ತೋಟ ಮಾರಲ್ಲಮ್ಮ, ಬಾರಮ್ಮ" ಎಂದ. ಕಾಗೆಗಳು ಹುಣಸೆಮರದಲ್ಲಿ ಕೂತು ನೋಡಿದವೇ ಹೊರತು ಇಳಿಯಲಿಲ್ಲ. ಬಿಸಿಲೇರಿದ ಮೇಲೆ ಪುರೋಹಿತರು ಹಸುವಿಗೆ ತಿನ್ನಿಸಿ ಕಾರ್ಯ ಮುಗಿಸಿದರು. ಅಮ್ಮ ಏನೋ ಆಸೆ ಇಟ್ಟುಕೊಂಡೇ ಹೋದಳು ಎಂಬ ಕೊರಗು ಪದ್ಮಾಳಿಗೆ ಅಂಟಿಕೊಂಡಿತು. ಅಳುವೂ ಇಲ್ಲ, ಮಾತೂ ಇಲ್ಲ. ನೋಡಿ ನನಗೆ ಸಂಕಟವಾಗುತ್ತಿತ್ತು. ಹೇಗಾದರೂ ಅವಳ ಬಾಯಿ ಬಿಡಿಸಬೇಕೆಂದರೆ, ನನಗೆ ಬರುವ ವಿದ್ಯೆ ಒಂದೇ. ದಿನಾ ಕಾರ್ಟೂನು ವಿವರಿಸಿದೆ. ಅವಳು ಹೂಂ ಎನ್ನುತ್ತಾ ಸೊಪ್ಪು ಬಿಡಿಸಿದಳು.

ಮೊನ್ನೆಯ ಕಾರ್ಟೂನಿನಲ್ಲಿ ಬೋಳುತಲೆಯವನು ಮಾವಿನಮರದ ಕೆಳಗೆ ಬಾಯಿ ತೆರೆದು ಮಲಗಿದ್ದ. ಎರಡನೆಯ ಚೌಕದಲ್ಲಿ ಹಣ್ಣು ತೊಟ್ಟು ಕಳಚಿತು. ಮೂರನೆಯದರಲ್ಲಿ ಕಾಗೆಯೊಂದು ನಡುವೆಯೇ ಅದನ್ನು ಕಚ್ಚಿಕೊಂಡು ಹಾರಿತ್ತು. ನನಗೆ ಹಬ್ಬ. ಗುರುತ್ವ ಆಯಿತು, ಕಾಗೆಯೆಂಬ ಬಾಹ್ಯ ಬಲ ಆಯಿತು, ಫಲಾಪೇಕ್ಷೆಗೂ ಬಂದೆ. "ಎರಡು ಚೌಕಗಳ ನಡುವಿನ ಈ ಬಿಳಿ ಜಾಗ ಇದೆಯಲ್ಲ ಪದ್ಮಾ, ಅಲ್ಲಿ ಕಾಲ ಎಷ್ಟು ಸರೀತು ಅಂತ ಯಾರಿಗೂ ಗೊತ್ತಿಲ್ಲ" ಎಂದೆ.

ಅವಳು ಪತ್ರಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ನೋಡಿದಳು.

"ರೀ, ಆವತ್ತು ಮಾವಿನಹಣ್ಣು ಇಡಲೇ ಇಲ್ಲ ನಾವು."

"ಚಳಿಗಾಲದಲ್ಲಿ ಎಲ್ಲಿ ಸಿಗುತ್ತೆ?"

"ಅದಕ್ಕೇ ಬರ್ಲಿಲ್ಲ. ಈಗ ಬಂದು ತಗೊಂಡವ್ಳೆ ನೋಡಿ."

ಹೇಳಿದವಳೇ ಅತ್ತಳು. ಅಮ್ಮ ಹೋದಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತಳು. ಅದು ಶಾಯಿಯಲ್ಲಿ ಬರೆದ ಕಾಗೆ ಎಂದು ಹೇಳುವುದು ನನ್ನ ಕರ್ತವ್ಯವಾಗಿತ್ತು. ನಾನು ಹೋಗಿ ಒಂದು ಬಾದಾಮಿ ಮಾವಿನಹಣ್ಣು ಹೆಚ್ಚಿ ತಂದೆ. ಇಬ್ಬರೂ ತಾರಸಿಗೆ ಹೋಗಿ ಗೋಡೆಯ ಮೇಲೆ ಇಟ್ಟೆವು. ಮೊದಲು ಬಂದದ್ದು ಅಳಿಲು. "ಓಡಿಸ್ರೀ ಅದನ್ನ" ಎಂದಳು. ವಿಜ್ಞಾನದಲ್ಲಿ ಪದವಿ ಪಡೆದವನು ಬಿಸಿಲಲ್ಲಿ ಟವೆಲು ಬೀಸುತ್ತಾ ಅಳಿಲಿನಿಂದ ಹಣ್ಣು ಕಾದೆ.

ಕೊನೆಗೂ ಕಾಗೆ ಬಂತು. ಕತ್ತು ವಾಲಿಸಿ ಒಮ್ಮೆ ನಮ್ಮನ್ನು ನೋಡಿ, ಹೋಳು ಎತ್ತಿಕೊಂಡಿತು.

"ಅಮ್ಮನೂ ಹಿಂಗೇ ಕತ್ತು ವಾಲಿಸ್ತಿದ್ದಳು" ಎಂದಳು ಪದ್ಮಾ.

ಕಾಗೆಯ ಕಣ್ಣುಗಳು ತಲೆಯ ಎರಡು ಬದಿಗೆ ಇರುವುದರಿಂದ ಅದು ಹಾಗೆಯೇ ನೋಡಬೇಕಾಗುತ್ತದೆ ಎಂದು ವಿವರಿಸಲು ಹೊರಟವನು ಸುಮ್ಮನಾದೆ. ನಾನೂ ಅತ್ತೆಯನ್ನು ನೋಡಿ ಬಹಳ ದಿನವಾಗಿತ್ತು.